ಬೇರಿಗೂ ಗಾಳಿ ಬೇಕು

ನನ್ನ ಬೋನ್ಸಾಯ್, ಅಂದರೆ ಕುಂಡದಲ್ಲೇ ಗಿಡ್ಡವಾಗಿ ಬೆಳೆಸಿದ ಮರಗಳನ್ನು ನೋಡಿದವರು ಮೊದಲು ಕೇಳುವುದು ಒಂದೇ: "ದಿನಕ್ಕೆ ಎಷ್ಟು ನೀರು ಹಾಕ್ತೀರಿ?" ಹಾಗೆ ಲೆಕ್ಕ ಏನೂ ಇಲ್ಲ ಅಂದರೆ ನಂಬುವುದಿಲ್ಲ. ನಾನು ಬೆಳಿಗ್ಗೆ ಒಂದೊಂದೇ ಕುಂಡಕ್ಕೆ ಬೆರಳು ಇಳಿಸಿ ನೋಡುತ್ತೇನೆ. ಒಳಗೆ ಇನ್ನೂ ತೇವ ಇದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ. ಬೆರಳು ಇಳಿಯದಷ್ಟು ಬೇರು ತುಂಬಿದ ಕುಂಡದಲ್ಲಿ ಒಂದು ಬಿದಿರು ಕಡ್ಡಿ ಚುಚ್ಚಿಟ್ಟಿರುತ್ತೇನೆ. ಎಳೆದು ನೋಡಿದರೆ ಒದ್ದೆ ಎಲ್ಲಿಯವರೆಗೆ ಇದೆ ಅಂತ ಕಡ್ಡಿಯ ಬಣ್ಣವೇ ಹೇಳುತ್ತದೆ. ಆದರೆ ಹಾಕುವ ಹೊತ್ತು ಬಂದಾಗ ಜಿಪುಣತನ ಇಲ್ಲ. ತಳದ ತೂತಿನಿಂದ ಹರಿದು ಬರುವವರೆಗೆ ಹಾಕಿ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ನೀರು ಕೆಳಗಿಳಿಯುವಾಗ ಹೊಸ ಗಾಳಿ ಒಳಗೆ ಬರುತ್ತದೆ. ಬೇರಿಗೆ ಅದೂ ಬೇಕು.

ಈ ಹವ್ಯಾಸದಲ್ಲಿ ಎಲ್ಲ ಬಂದು ನಿಲ್ಲುವುದು ಇಲ್ಲೇ. ಗಾಳಿ ಸಿಗದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಹಾಗಾಗಿ ಒದ್ದೆ ಮಣ್ಣಲ್ಲಿ ನಿಂತಿದ್ದರೂ ಎಲೆ ಜೋತು ಬೀಳುತ್ತದೆ. ನೋಡಿದವರು ಬಾಯಾರಿಕೆ ಅಂದುಕೊಂಡು ಇನ್ನೊಂದು ಚೊಂಬು ಸುರಿಯುತ್ತಾರೆ!

ಗಿಡ್ಡ ಕುಂಡ ಯಾಕೆ ಇಷ್ಟು ಕಷ್ಟ ಅನ್ನುವುದಕ್ಕೆ ಒಂದು ಸ್ಪಂಜ್ ತೆಗೆದುಕೊಳ್ಳಿ. ಚೆನ್ನಾಗಿ ನೆನೆಸಿ, ಅಡ್ಡ ಮಲಗಿಸಿ ಹಿಡಿಯಿರಿ. ಹನಿ ಬೀಳುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ, ಅಲ್ವಾ? ಎತ್ತರ ಜಾಸ್ತಿ ಇದ್ದರೆ ಮೇಲಿನ ಭಾಗ ಬಸಿದುಹೋಗಿ ತಳದಲ್ಲಿ ಮಾತ್ರ ನೀರು ಉಳಿಯುತ್ತದೆ. ಎರಡು ಇಂಚು ಆಳದ ತಟ್ಟೆಯಲ್ಲಿ ಈ ಒದ್ದೆ ಪದರವೇ ಅರ್ಧ ಜಾಗ ನುಂಗಿಬಿಡಬಹುದು. ತಳಕ್ಕೆ ಜಲ್ಲಿ ಹಾಸಿದರೆ ಸರಿಹೋಗುತ್ತದೆ ಅನ್ನುವ ಮಾತಿದೆ. ಹಾಗೇನೂ ಆಗುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲಕ್ಕೆ ಬಂದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ, ಅಷ್ಟೇ.

ಅದಕ್ಕೇ ನನ್ನ ಬೋನ್ಸಾಯ್ ಕುಂಡದಲ್ಲಿ ತೋಟದ ಮಣ್ಣು ಇಲ್ಲ. ಜಪಾನಿನವರು ಅಕಡಾಮಾ ಎಂಬ ಗಟ್ಟಿ ಜೇಡಿಯ ಹರಳು ಬಳಸುತ್ತಾರೆ, ಜೊತೆಗೆ ಪ್ಯೂಮಿಸ್ ಎಂಬ ತೂತುತೂತಾದ ಹಗುರ ಕಲ್ಲು ಮತ್ತು ಲಾವಾ ಕಲ್ಲು. ಅದು ಸಿಗದಿದ್ದರೆ ಒಡೆದ ಇಟ್ಟಿಗೆ ಚೂರೂ ಆಗುತ್ತದೆ. ಮುಖ್ಯವಾದದ್ದು ಜರಡಿ. 3ರಿಂದ 6 ಮಿ.ಮೀ. ಹರಳು ಇಟ್ಟುಕೊಂಡು ಪುಡಿಯನ್ನೆಲ್ಲ ಎಸೆಯುತ್ತೇನೆ. ಪುಡಿ ಉಳಿದರೆ ಸಂದು ಮುಚ್ಚಿಕೊಂಡು ಮಾಡಿದ ಕೆಲಸವೆಲ್ಲ ವ್ಯರ್ಥ. ಇಂಥ ಹರಳಲ್ಲಿ ಸಾರ ಕಡಿಮೆ. ಚಿಗುರುವ ಕಾಲದಲ್ಲಿ ಗೊಬ್ಬರ ಕೊಡುತ್ತಲೇ ಇರಬೇಕು, ಸ್ವಲ್ಪ ಸ್ವಲ್ಪವಾಗಿ.

ಗಿಡದ ಆಯ್ಕೆ ವಿಷಯದಲ್ಲಿ ನನ್ನದು ಖಡಕ್ ಮಾತು. ಮನೆಯೊಳಗೆ ಇಡುವ ಆಸೆ ಇದ್ದರೆ ಆಲ, ಅತ್ತಿಯ ಕುಲದ ಫೈಕಸ್ ತಗೊಳ್ಳಿ, ಕಿಟಕಿಯ ಬೆಳಕಿಗೆ ಇಡಿ. ಪೈನ್ ತರಹ ಸದಾ ಹಸಿರಾಗಿರುವ ಜುನಿಪರ್ ಬೇಡ. ಅದು ಬಿಸಿಲಲ್ಲಿ, ಬಯಲಲ್ಲಿ ಇರಬೇಕಾದ ಮರ. ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಅದನ್ನು ಮೇಜಿನ ಗಿಡ ಅಂತ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕುಂಡ ಬದಲಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಹಾಕಿದ ನೀರು ಇಂಗದೆ ಮೇಲೆಯೇ ನಿಂತರೆ, ಅಥವಾ ಬೇರು ಒತ್ತಿ ಗಿಡವನ್ನೇ ಮೇಲೆತ್ತಿದರೆ, ಸಮಯ ಬಂತು ಅಂತ ಅರ್ಥ. ಫೈಕಸ್ ಆದರೆ ಬೆಚ್ಚಗಿನ ದಿನಗಳಲ್ಲಿ, ಚೆನ್ನಾಗಿ ಬೆಳೆಯುತ್ತಿರುವಾಗ ಮಾಡುತ್ತೇನೆ. ಎಲೆ ಉದುರಿಸುವ ಚಳಿಸೀಮೆಯ ಮರಗಳಿಗೆ ಮೊಗ್ಗು ಉಬ್ಬಿ ಒಡೆಯುವ ಮುಂಚೆ. ಕುಂಡದಿಂದ ಎತ್ತಿದ ಬೇರಿನ ಗಡ್ಡೆಯನ್ನು ಕೊಕ್ಕೆಯಿಂದ ಬುಡದ ಕಡೆಯಿಂದ ಹೊರಕ್ಕೆ ಬಾಚುತ್ತೇನೆ. ಸುತ್ತಿಕೊಂಡ ಬೇರು ಬಿಡಿಸಿಕೊಳ್ಳುತ್ತಾ ಬರುತ್ತವೆ. ದಪ್ಪ ಬೇರು ಮರವನ್ನು ಹಿಡಿದಿಡುತ್ತದೆ. ನೀರು ಹೀರುವುದು ದಾರದಂಥ ಸಣ್ಣವು. ಅದಕ್ಕೇ ಕತ್ತರಿ ಆಡುವುದು ದಪ್ಪದ ಮೇಲೆ. ಒಟ್ಟು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯುವುದಿಲ್ಲ. ಮಧ್ಯೆ ಮಧ್ಯೆ ನೀರು ಚಿಮುಕಿಸುತ್ತಿರಬೇಕು, ಸಣ್ಣ ಬೇರು ನೋಡುನೋಡುತ್ತಲೇ ಒಣಗುತ್ತದೆ.

ಹೊಸ ಕುಂಡದಲ್ಲಿ ಕೂರಿಸಿದ ಮೇಲೆ ತಳದ ತೂತಿನಿಂದ ತಂದ ತಂತಿಯಿಂದ ಗಡ್ಡೆಯನ್ನು ಬಿಗಿಯುತ್ತೇನೆ. ಗಿಡ ಅಲುಗಾಡಿದರೆ ಹೊಸದಾಗಿ ಹೊರಟ ಬೇರು ಪಟಕ್ಕನೆ ಮುರಿಯುತ್ತದೆ. ಹರಳು ಸುರಿದು, ಕಡ್ಡಿಯಿಂದ ಬೇರಿನ ಸಂದಿಗೆಲ್ಲ ಇಳಿಸಿ, ಕೆಲವು ವಾರ ನೆರಳು. ಅದೇ ಸಮಯಕ್ಕೆ ಮೇಲೆ ದೊಡ್ಡ ಕೊಂಬೆ ಕಡಿಯುವುದು, ತಂತಿ ಸುತ್ತಿ ಬಗ್ಗಿಸುವುದು ಯಾವುದೂ ಇಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟು.

ಹೀಗೆ ಮತ್ತೆ ಮತ್ತೆ ಬೇರು ಹೊಸದಾಗುತ್ತಿದ್ದರೆ ಕುಂಡದ ಮರವೂ ತಲೆಮಾರು ದಾಟುತ್ತದೆ. ವಾಷಿಂಗ್ಟನ್ನಿನ ಬೋನ್ಸಾಯ್ ಸಂಗ್ರಹದಲ್ಲಿ ಒಂದು ಬಿಳಿ ಪೈನ್ ಇದೆ. 1625ರಿಂದ ಕುಂಡದಲ್ಲಿದೆ ಅನ್ನುತ್ತದೆ ಅದರ ದಾಖಲೆ. 1945ರಲ್ಲಿ ಹಿರೋಷಿಮಾದ ಮೇಲೆ ಬಾಂಬ್ ಬಿದ್ದಾಗ ಸುಮಾರು 3 ಕಿ.ಮೀ. ದೂರದ ಯಮಾಕಿ ಕುಟುಂಬದ ಅಂಗಳದಲ್ಲಿತ್ತು. 1976ರಲ್ಲಿ ಅವರೇ ಅದನ್ನು ಅಮೆರಿಕಕ್ಕೆ ಉಡುಗೊರೆ ಕೊಟ್ಟರು.

ಕುಂಡದಲ್ಲಿ ಕಲಿತದ್ದು ತೋಟದ ಮರಕ್ಕೂ ಆಗಿಬಂತು. ಸಸಿ ನೆಡುವ ಗುಂಡಿ ಅಗಲ ಇರಲಿ, ಆಳ ಸಸಿಯ ಗಡ್ಡೆಯಷ್ಟೇ ಸಾಕು. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಮಣ್ಣಿನ ಮೇಲೆ ಕಾಣಬೇಕು. ಚೀಲದಲ್ಲಿ ಸುತ್ತು ಹೊಡೆದ ಬೇರು ನೆಡುವಾಗಲೇ ಬಿಡಿಸಿಬಿಡಿ, ಇಲ್ಲದಿದ್ದರೆ ಮುಂದೆ ಅದೇ ಕಾಂಡದ ಕತ್ತು ಹಿಸುಕುತ್ತದೆ. ಒಣಎಲೆ ಹೊದಿಕೆ ಒಳ್ಳೆಯದೇ, ಆದರೆ ಕಾಂಡಕ್ಕೆ ತಾಗಬಾರದು.

ಕೊಂಬೆ ಸವರುವಾಗ ಅದು ಕಾಂಡಕ್ಕೆ ಸೇರುವಲ್ಲಿ ಸುಕ್ಕುಗಟ್ಟಿದ ಒಂದು ಉಬ್ಬು ಇರುತ್ತದೆ, ಹುಡುಕಿ. ಕತ್ತರಿಸುವುದು ಅದರ ಹೊರಗೆ. ಗಾಯ ಮುಚ್ಚುವ ಅಂಗಾಂಶ ಇರುವುದೇ ಆ ಉಬ್ಬಿನಲ್ಲಿ. ಈ ಲೆಕ್ಕವನ್ನು ಮರಗಳನ್ನು ಸೀಳಿ ಸೀಳಿ ನೋಡಿ ತಿಳಿಸಿದವರು ಅಮೆರಿಕದ ಮರರೋಗ ವಿಜ್ಞಾನಿ ಅಲೆಕ್ಸ್ ಶೈಗೋ. ಗಾಯಕ್ಕೆ ಬಣ್ಣ ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ ಅಂತಲೂ ಅವರು ತೋರಿಸಿದರು. ಹಾಗಾಗಿ ನಾನು ತೋಟದ ಮರಕ್ಕೆ ಏನೂ ಬಳಿಯುವುದಿಲ್ಲ. ಮುಂದಿನ ಚಿಗುರಿನ ಕಾಲ ಮುಗಿದ ಮೇಲೆ ಹೋಗಿ ನೋಡುತ್ತೇನೆ. ಗಾಯದ ಸುತ್ತ ಪೂರ್ತಿ ಉಂಗುರ ಕಟ್ಟಿದ್ದರೆ ಕತ್ತರಿಸಿದ ಜಾಗ ಸರಿ. ಎರಡು ಬದಿಗೆ ಮಾತ್ರ ಉಬ್ಬಿ, ಮೇಲೆ ಕೆಳಗೆ ಏನೂ ಬರದಿದ್ದರೆ ಗರಗಸ ಕಾಂಡಕ್ಕೆ ತೀರಾ ಹತ್ತಿರ ಹೋಗಿದೆ ಅಂತ ಲೆಕ್ಕ.