‘ಅದ್ರಿಂದ ಏನಾತು?’: ಮಕ್ಕಳಿಂದ ಪ್ಯಾರಾ ಬರೆಸಿದ ನನ್ನ ಅನುಭವ

ನಾನು ಚಿತ್ರದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಿಗೆ ಪಾಯಿಂಟ್ಸ್ ಬರೆಯೋದು ಚೆನ್ನಾಗಿ ಗೊತ್ತು. ಇಷ್ಟು ಅಂಕಕ್ಕೆ ಇಷ್ಟು ಅಂಶ ಅನ್ನೋ ಲೆಕ್ಕ ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಬಾಯಿಪಾಠ ಆಗಿರುತ್ತದೆ. ಪ್ಯಾರಾ ಬರೆಯಿರಿ ಅಂದರೆ ಅದೇ ಅಂಶಗಳ ನಂಬರ್ ತೆಗೆದು ಒಂದರ ಪಕ್ಕ ಒಂದು ಜೋಡಿಸಿ ಕೊಡುತ್ತಾರೆ. ಓದಿದರೆ ಎಲ್ಲವೂ ಸರಿ. ಆದರೆ ಯಾವ ವಾಕ್ಯಕ್ಕೂ ಇನ್ನೊಂದರ ಹಂಗಿಲ್ಲ.

ಒಂದು ಉದಾಹರಣೆ ನೋಡಿ. ‘ಒನಕೆ ಓಬವ್ವ ತುಂಬಾ ಧೈರ್ಯಶಾಲಿ. ಅವಳು ಕಿಂಡಿಯಿಂದ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದು ಕೊಂದಳು. ಇದರಿಂದ ಓಬವ್ವ ಧೈರ್ಯಶಾಲಿ ಎಂದು ತಿಳಿದುಬರುತ್ತದೆ.’

ಇದರಲ್ಲಿ ಹೇಳಿಕೆ ಇದೆ, ಸಾಕ್ಷಿಯೂ ಇದೆ. ಮೂರನೇ ವಾಕ್ಯ ಮಾತ್ರ ಹೊರಟಲ್ಲಿಗೇ ವಾಪಸ್ ಬಂದು ನಿಂತಿದೆ. ಸಾಕ್ಷಿ ಇಟ್ಟ ಹುಡುಗಿ ಅದನ್ನು ಒಂದು ಸಲವೂ ತಿರುಗಿಸಿ ನೋಡಿಲ್ಲ. ‘ವಿಶ್ಲೇಷಿಸಿ’ ಅಂತ ಬೋರ್ಡಿನ ಮೇಲೆ ಎಷ್ಟು ದೊಡ್ಡದಾಗಿ ಬರೆದರೂ ಇದು ಸರಿ ಹೋಗೋದಿಲ್ಲ. ಅದಕ್ಕೇ ನಾನು ಪ್ರತಿ ಸಾಕ್ಷಿಗೂ ನಮ್ಮೂರ ಮಾತಲ್ಲೇ ಕೇಳೋಕೆ ಶುರು ಮಾಡಿದೆ: “ಸರಿ, ಅದ್ರಿಂದ ಏನಾತು?”

ಓಬವ್ವನ ಕಥೆ ನಮ್ಮ ಮಕ್ಕಳಿಗೆ ಹಾಲು ಕುಡಿಯುವಾಗಿಂದ ಗೊತ್ತು. ಗೊತ್ತಿರೋದೇ ತೊಂದರೆ. ಕಥೆ ಬಾಯಿಗೆ ಬಂದುಬಿಡುತ್ತದೆ, ಕಣ್ಣು ಕೆಲಸ ಮಾಡೋದಿಲ್ಲ. ಹಾಗಾಗಿ ಒಂಬತ್ತನೇ ಕ್ಲಾಸಿನವರನ್ನು ಕೋಟೆಗೆ ಕರೆದುಕೊಂಡು ಹೋದಾಗ ಒಂದು ಷರತ್ತು ಹಾಕಿದೆ. ಕಿಂಡಿಯ ಹತ್ತಿರ ಯಾರೂ ಕಥೆ ಹೇಳಬಾರದು. ಕಿಂಡಿಯನ್ನು ನೋಡಿ, ನುಸುಳಿ, ಕಂಡದ್ದನ್ನು ಮಾತ್ರ ಹೇಳಬೇಕು.

“ಒಟ್ಟಿಗೆ ಎಷ್ಟು ಜನ ಬರಬಹುದು?”

“ಒಬ್ಬೊಬ್ರೇ ಮಿಸ್.”

“ಬರೋವಾಗ ತಲೆ ಹೆಂಗಿರುತ್ತೆ?”

“ಬಗ್ಗಿಸ್ಕಂಡೇ ಬರ್ಬೇಕು.”

“ಕೈಲಿ ಕತ್ತಿ ಇದ್ರೆ?”

ಅಷ್ಟರಲ್ಲಿ ಒಳಗೆ ಅರ್ಧ ನುಸುಳಿದ್ದ ಹುಡುಗ ಅಲ್ಲಿಂದಲೇ ಕೂಗಿದ: “ಬೀಸಾಕೆ ಜಾಗ ಇಲ್ಲ ಮಿಸ್!”

ಮಾರನೇ ದಿನ ಬರೆಸಿದೆ. ಒಬ್ಬಳ ಪ್ಯಾರಾದಲ್ಲಿ ಸಾಕ್ಷಿಯ ನಂತರ ಹೀಗಿತ್ತು: ‘ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ನುಸುಳಬಹುದು. ಅವನು ತಲೆ ತಗ್ಗಿಸಿಯೇ ಬರಬೇಕು. ಹಿಂದಿನವನಿಗೆ ಮುಂದೆ ಏನಾಯಿತು ಅಂತ ಕಾಣುವುದಿಲ್ಲ. ಆದ್ದರಿಂದ ಹೊರಗೆ ಎಷ್ಟೇ ಸೈನ್ಯ ಇದ್ದರೂ ಓಬವ್ವನ ಎದುರಿಗೆ ಇದ್ದವನು ಒಬ್ಬನೇ. ಅವಳು ಧೈರ್ಯಶಾಲಿ ಅಷ್ಟೇ ಅಲ್ಲ, ಜಾಗ ನೋಡಿ ನಿಂತ ಜಾಣೆ.’

ಇಲ್ಲಿ ನನಗೆ ಹಿಡಿಸಿದ್ದು ಕೊನೆಯ ವಾಕ್ಯ. ಸಾಕ್ಷಿಯನ್ನು ಬಿಡಿಸಿ ನೋಡಿದ ಮೇಲೆ ಹೇಳಿಕೆಯೇ ಬದಲಾಗಿದೆ. ಸಾಕ್ಷಿ ಅಂದರೆ ಮೊದಲೇ ಹೇಳಿದ್ದಕ್ಕೆ ಹೂಂಗುಟ್ಟೋದು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ನಿಜಕ್ಕೂ ಸಾಕ್ಷಿ ನೋಡಿದರೆ ಮೊದಲ ಸಾಲಿಗೇ ಹಿಂದಿರುಗಿ ತಿದ್ದಬೇಕಾಗುತ್ತದೆ. ನಾನು ಈಗ ಮೊದಲ ವಾಕ್ಯವನ್ನು ಪೆನ್ಸಿಲ್‌ನಲ್ಲೇ ಬರೆಸುತ್ತೇನೆ. ಪ್ಯಾರಾ ಮುಗಿದ ಮೇಲೆ ಪೆನ್ನು.

ಅದೇ ಕ್ಲಾಸಲ್ಲಿ ಹಿಂದಿನ ಬೆಂಚಿನ ಒಬ್ಬ ಕೇಳಿದ: “ಕಿಂಡಿ ಐತೆ ಅಂದ್ರೆ ಕಥೆ ನಡೆದೈತೆ ಅಂತನಾ ಮಿಸ್?” ಕೆಲವರಿಗೆ ಸಿಟ್ಟೇ ಬಂತು. ದುರ್ಗದಲ್ಲಿ ಕೇಳೋ ಪ್ರಶ್ನೆನಾ ಇದು! ಆದರೆ ಪ್ರಶ್ನೆ ಸರಿಯಾಗಿಯೇ ಇದೆ, ಅಲ್ವಾ? ಕಿಂಡಿ ಹೇಳೋದು ಇಷ್ಟೇ: ಹೀಗೆ ನಡೆಯೋದು ಸಾಧ್ಯ ಇತ್ತು. ನಡೆಯಿತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕು. ಈ ಎರಡರ ನಡುವಿನ ಅಂತರವನ್ನು ಬೋರ್ಡಿನ ಮೇಲೆ ಬರೆದು ಇಡೀ ಪೀರಿಯಡ್ ಅದರ ಮೇಲೇ ಕಳೆದೆವು. ಸಿಲಬಸ್ ಹಿಂದೆ ಬಿತ್ತು. ಬೀಳಲಿ.

ಇನ್ನು ದಿನನಿತ್ಯದ ಕೆಲಸ. ‘ಇದರಿಂದ ತಿಳಿದುಬರುವುದೇನೆಂದರೆ’ ಅನ್ನೋ ಮಾತನ್ನು ಕ್ಲಾಸಿನಿಂದ ಹೊರಗೆ ಹಾಕಿದ್ದೇನೆ. ಅದು ಬಂದರೆ ಸಾಕು, ಮುಂದೆ ಹೇಳಿದ್ದನ್ನೇ ಹೇಳುತ್ತಾರೆ. ಅದರ ಬದಲು ಸಾಕ್ಷಿಯೊಳಗಿನ ಒಂದು ಪದವನ್ನೋ ವಸ್ತುವನ್ನೋ ಹೆಸರಿಡಿದು ವಾಕ್ಯ ಶುರು ಮಾಡಬೇಕು. ‘ಕಿಂಡಿ ಕಿರಿದಾಗಿರುವುದರಿಂದ’, ‘ನಾಣ್ಯ ಬೆಳ್ಳಿಯದಾಗಿದ್ದರಿಂದ’, ಹೀಗೆ. ಆಗ ಸುಮ್ನೆ ಜಾರಿಕೊಳ್ಳೋಕೆ ಆಗೋದಿಲ್ಲ. ನೋಟ್‌ಬುಕ್ ಕೊಡೋ ಮುಂಚೆ ಅವರೇ ಸಾಕ್ಷಿಯ ಕೆಳಗೆ ಒಂದು ಗೆರೆ, ವಿವರಣೆಯ ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಎರಡು ಗೆರೆಯ ಭಾಗ ಚಿಕ್ಕದಿದ್ದರೆ ವಾಪಸ್. ನನಗೂ ಓದೋ ಭಾರ ಕಡಿಮೆ ಆಯಿತು.

ಚಂದ್ರವಳ್ಳಿಯ ನಾಣ್ಯಗಳು ನನ್ನ ಮೆಚ್ಚಿನ ಪಾಠ. ಊರ ಪಕ್ಕದಲ್ಲೇ ಇರೋ ಜಾಗ. ಡಾ. ಎಂ.ಎಚ್. ಕೃಷ್ಣ 1929ರಲ್ಲಿ ಅಲ್ಲಿ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮನ್ನರ ಬೆಳ್ಳಿ ನಾಣ್ಯಗಳೂ ಸಿಕ್ಕವು. ಇಷ್ಟು ಹೇಳಿ ಬರೆಯಿರಿ ಅಂದೆ. ಬಹುತೇಕರ ನೋಟ್‌ಬುಕ್ಕಲ್ಲಿ ಒಂದೇ ವಾಕ್ಯ: ‘ಆದ್ದರಿಂದ ರೋಮನ್ನರು ಚಿತ್ರದುರ್ಗಕ್ಕೆ ಬಂದಿದ್ದರು.’

“ನಾಣ್ಯ ಬಂತು ಸರಿ. ಅದ್ರಿಂದ ಏನಾತು? ಮನುಷ್ಯನೂ ಬಂದ ಅಂತ ಹೆಂಗೆ ಗೊತ್ತು?” ಅಂದೆ.

ಒಂದು ಹುಡುಗಿ ಕಂಪಾಸ್ ಬಾಕ್ಸಿಂದ ಹತ್ತು ರೂಪಾಯಿ ನೋಟು ತೆಗೆದು ಹಿಡಿದಳು. “ಇದ್ರಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಐತೆ ಮಿಸ್. ಅವರೇನು ನಮ್ಮೂರಿಗೆ ಬಂದಿಲ್ವಲ್ಲ.” ಇಡೀ ಕ್ಲಾಸ್ ನಕ್ಕಿತು. ನಾನು ತಲೆ ಕೆಡಿಸಿಕೊಂಡು ಹೇಳಬೇಕಾಗಿದ್ದನ್ನು ಅವಳು ಒಂದು ನೋಟಲ್ಲಿ ಮುಗಿಸಿದಳು.

ಆಮೇಲೆ ತಿದ್ದಿದ ಪ್ಯಾರಾಗಳಲ್ಲಿ ‘ಕೈಯಿಂದ ಕೈಗೆ ದಾಟಿ ಬಂದಿರಬಹುದು’, ‘ದೂರದ ವ್ಯಾಪಾರದ ದಾರಿಗೆ ಈ ಊರು ಸೇರಿಕೊಂಡಿತ್ತು ಎನ್ನಬಹುದು’ ಅನ್ನೋ ಮಾತು ಬಂದವು. ‘ಬಹುದು’ ಬರೆದರೆ ಅಂಕ ಹೋಗುತ್ತೆ ಅನ್ನೋ ಭಯ ಮಕ್ಕಳಿಗೆ ಇದೆ. ಗೈಡುಗಳಲ್ಲಿ ಎಲ್ಲವೂ ಖಚಿತ, ಹಾಗಾಗಿ. ಸಾಕ್ಷಿ ಎಷ್ಟು ತಾಳುತ್ತದೋ ಅಷ್ಟೇ ಹೇಳಿದವರಿಗೆ ನಾನು ನನ್ನ ಟೆಸ್ಟಲ್ಲಿ ಜಾಸ್ತಿ ಅಂಕ ಕೊಡುತ್ತೇನೆ. ಇದನ್ನು ಬಾಯಲ್ಲಿ ಹೇಳಿದ್ದಕ್ಕಿಂತ ಅಂಕಪಟ್ಟಿ ನೋಡಿ ನಂಬಿದ್ದೇ ಹೆಚ್ಚು.

ಇತಿಹಾಸಕ್ಕೆ ಮಾತ್ರ ಅಂತ ಅಂದುಕೊಳ್ಳಬೇಡಿ. ಹಿರಿಯೂರಿನ ವಾಣಿವಿಲಾಸ ಸಾಗರವನ್ನು ತೆಗೆದುಕೊಂಡೆ, ನಮ್ಮವರ ಬಾಯಲ್ಲಿ ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು, 1933ರಲ್ಲಿ ಕೋಡಿ ಬಿತ್ತು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಂದು ಗುಂಪು ‘ನಮ್ಮ ಜಿಲ್ಲೆಯಲ್ಲಿ ಮಳೆ ತೀರಾ ಕಡಿಮೆ’ ಅಂತ ಬರೆಯಿತು. ಇನ್ನೊಂದು ಗುಂಪು ‘ಈಗ ಮಳೆ ಜಾಸ್ತಿ ಆಗಿದೆ’ ಅಂತ. ಎರಡಕ್ಕೂ ಸಾಕ್ಷಿ ಒಂದೇ! ಇಬ್ಬರನ್ನೂ ಎದುರುಬದುರು ಕೂರಿಸಿದೆ. ಅಣೆಕಟ್ಟು ತುಂಬೋದು ಮಳೆಯೊಂದರಿಂದಲೇನಾ ಅಂತ ಕೇಳಿದಾಗ ಹಿರಿಯೂರು ಕಡೆಯ ಹುಡುಗ ಎದ್ದ. “ಭದ್ರಾ ನೀರೂ ಬಿಡ್ತಾರೆ ಮಿಸ್, ನಮ್ಮಪ್ಪ ಹೇಳ್ತಿದ್ರು.” ಅಲ್ಲಿಗೆ ಎರಡೂ ಪ್ಯಾರಾ ಅಲುಗಾಡಿದವು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದದ್ದನ್ನೂ ಸೇರಿಸಿ ಅಂದೆ. ಅಷ್ಟು ವರ್ಷ ತುಂಬದ ಅಣೆಕಟ್ಟು ಇಷ್ಟು ಬೇಗ ಯಾಕೆ ತುಂಬಿತು? ಆ ದಿನ ಯಾರೂ ಪ್ಯಾರಾ ಮುಗಿಸಲಿಲ್ಲ. ಇನ್ನೇನು ಮಾಹಿತಿ ಬೇಕು ಅಂತ ಪಟ್ಟಿ ಮಾಡಿಕೊಂಡು ಹೋದರು: ಯಾವ ವರ್ಷ ಎಷ್ಟು ಮಳೆ, ಯಾವಾಗಿಂದ ಭದ್ರಾ ನೀರು, ಕಾಲುವೆಗೆ ಬಿಟ್ಟದ್ದೆಷ್ಟು. ಮುಗಿದ ಪ್ಯಾರಾಗಿಂತ ನನಗೆ ಆ ಪಟ್ಟಿ ಇಷ್ಟವಾಯಿತು.

ಪೋಷಕರ ಸಭೆಯಲ್ಲಿ ಒಬ್ಬರು ಕೇಳಿದರು: “ಮೇಡಮ್, ಎಸ್ಸೆಸ್ಸೆಲ್ಸಿಗೆ ಪಾಯಿಂಟ್ಸ್ ಬರೆದ್ರೆ ಸಾಕಲ್ವಾ?” ಸಾಕು, ಸುಳ್ಳು ಹೇಳೋಕೆ ಆಗೋದಿಲ್ಲ. ಹಾಗಾಗಿ ಹತ್ತನೇ ಕ್ಲಾಸಲ್ಲಿ ಡಿಸೆಂಬರ್ ನಂತರ ನಾನೂ ಪಾಯಿಂಟ್ಸ್ ಬರೆಸುತ್ತೇನೆ. ಈ ಕೆಲಸಕ್ಕೆ ಒಂಬತ್ತನೇ ಕ್ಲಾಸೇ ಸರಿ, ಎಂಟರಲ್ಲಿ ಬಾಯಿಮಾತಲ್ಲಿ ಶುರು ಮಾಡಿದರೆ ಇನ್ನೂ ಒಳ್ಳೆಯದು. ಒಂದು ಮಾತು ಮಾತ್ರ ಅವರಿಗೆ ಹೇಳಿದೆ. ‘ಏಕೆ’, ‘ಸಮರ್ಥಿಸಿ’ ಅಂತ ಕೇಳೋ ಪ್ರಶ್ನೆಗೆ ಪಾಯಿಂಟ್ಸ್ ಮರೆತವರೂ ಯೋಚಿಸಿ ನಾಲ್ಕು ಸಾಲು ಬರೆಯಬಲ್ಲರು.

ಈ ವರ್ಷ ಬ್ರಹ್ಮಗಿರಿಯ ಅಶೋಕನ ಶಾಸನ ಎತ್ತಿಕೊಂಡಿದ್ದೇವೆ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಬರೆದವನು ಚಪಡ. ಕೊನೆಯಲ್ಲಿ ‘ಲಿಪಿಕರೇಣ’ ಅನ್ನೋ ಒಂದು ಪದ ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದ ಲಿಪಿ. ಅವನು ಆ ಕಡೆಯವನು ಅಂತ ಅರ್ಧ ಕ್ಲಾಸ್. ಅಲ್ಲಿ ಕೆಲಸ ಮಾಡಿ ಕಲಿತಿರಬಹುದು ಅಂತ ಇನ್ನರ್ಧ. “ನಂಗೆ ಎರಡು ಲಿಪಿ ಬರ್ತೈತೆ ಅಂತ ಬಿಲ್ಡಪ್ ಕೊಟ್ಟಾನೆ ಮಿಸ್” ಅಂತ ಒಬ್ಬ. ಅದನ್ನೂ ಬರಿ, ಆದರೆ ಶಾಸನದಲ್ಲಿ ಯಾವುದನ್ನು ನೋಡಿ ಹಾಗನ್ನಿಸಿತು ಅಂತ ಎರಡು ಗೆರೆ ಎಳೆದು ತೋರಿಸು ಅಂದಿದ್ದೇನೆ. ನೋಟ್‌ಬುಕ್ ಸೋಮವಾರ ಬರಬೇಕು.