ಆರು ಕೆಜಿ ಕೋವಿ ಹೊತ್ತು ಎಸೆಕ್ಸ್‌ನ ಕೆಸರಿಗೆ

ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇತ್ತು, ಗದ್ದೆಗೆ ಬರೋ ಹಂದಿ ಓಡಿಸೋಕೆ. ಹಾಗಾಗಿ ಕೋವಿ ನನಗೆ ಹೊಸದಲ್ಲ. ಆದರೆ ಇಂಗ್ಲೆಂಡಿಗೆ ಬಂದು, ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ಅಳಿವೆಯಲ್ಲಿ ಬಾತುಬೇಟೆ ಮಾಡೋರ ಜೊತೆ ಸೇರಿ, ಮೊದಲ ಸಲ ಒಂದು ಹಳೇ 8 ಬೋರ್ ಕೋವಿ ಎತ್ತಿದಾಗ ಇದನ್ನು ಹೆಗಲಿಗೆ ಕೊಡೋದಾ ಗಾಡಿಗೆ ಕಟ್ಟೋದಾ ಅನ್ನಿಸಿತು.

ಬೋರ್ ಲೆಕ್ಕವೇ ಉಲ್ಟಾ. ಒಂದು ಪೌಂಡ್ ಸೀಸದಲ್ಲಿ ಆ ನಳಿಗೆಗೆ ಕೂರುವ ಗುಂಡು ಎಷ್ಟು ಬರುತ್ತದೋ ಅದೇ ನಂಬರ್. ನಂಬರ್ ಇಳಿದಷ್ಟೂ ನಳಿಗೆಯ ತೂತು ಅಗಲ. 12 ಬೋರ್ ಸುಮಾರು 18.5 ಮಿಮೀ, 8 ಬೋರ್ 21 ಮಿಮೀ ಚಿಲ್ಲರೆ. ಎತ್ತರದಲ್ಲಿ ಹಾರುವ ಹಕ್ಕಿಗೆ ದಪ್ಪ ಚರೆ (ಒಟ್ಟಿಗೆ ಸಿಡಿಯೋ ಸಣ್ಣ ಗುಂಡುಗಳು) ಬೇಕು, ಅದೂ ಜಾಸ್ತಿ ಬೇಕು, ಅಷ್ಟು ಚರೆ ಹೊಡೆದರೆ ಹೆಗಲಿಗೆ ಬೀಳೋ ಒದೆತ ತಡೆಯೋಕೆ ಕೋವಿಯೇ ಆರು ಕೆಜಿ ತೂಗಬೇಕು.

ನಾನು ಮೊದಲು ಕೊಂಡ ಕೋವಿಯಲ್ಲಿ ಟೋಪಿ ಹಾಕಿಸಿಕೊಂಡೆ. ಹರಾಜಿನಲ್ಲಿ ಸಿಕ್ಕಿತ್ತು, ನಳಿಗೆಯ ಒಳಗೆ ಕನ್ನಡಿ ಹೊಳಪು. ಕೋವಿ ರಿಪೇರಿ ಮಾಡೋ ಹಿರಿಯರೊಬ್ಬರು ಗೇಜ್ ಇಳಿಸಿ ನಳಿಗೆಯ ಗೋಡೆಯ ದಪ್ಪ ಅಳೆದರು. ತುಕ್ಕಿನ ಗುಳಿ ಮುಚ್ಚೋಕೆ ಯಾರೋ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿಟ್ಟಿದ್ದರು. ಈಗ ಅದು ಸುಮ್ನೆ ಗೋಡೆ ಮೇಲಿದೆ.

ಎರಡನೇ ಸಲ ಅವರನ್ನೇ ಕರೆದುಕೊಂಡು ಹೋದೆ. ಜೋಡಿ ನಳಿಗೆಯನ್ನು ಬಿಚ್ಚಿ ಕೊಕ್ಕೆಯಿಂದ ತೂಗುಬಿಟ್ಟು ಬೆರಳಗಂಟಿನಿಂದ ತಟ್ಟಿದರು. ಗಂಟೆಯ ಹಾಗೆ ಣಣ್ ಅಂದಿತು. ಬೆಸುಗೆ ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದಂತೆ. ಅದು ಬರ್ಮಿಂಗ್‌ಹ್ಯಾಮಿನ ಜೆ. ಅಂಡ್ ಡಬ್ಲ್ಯು. ಟಾಲಿ ಮಾಡಿದ್ದು, ದೊಡ್ಡ ಬೋರಿಗೆ ಹೆಸರಾದವರು. ಕಬ್ಬಿಣ, ಉಕ್ಕಿನ ಸಲಾಕೆಗಳನ್ನು ಹೊಸೆದು, ಸುತ್ತಿ, ಕಾಯಿಸಿ ಬಡಿದು ಕೂಡಿಸಿದ ಡಮಾಸ್ಕಸ್ ನಳಿಗೆ. ಮೈಮೇಲಿನ ಸುರುಳಿ ಗೆರೆ ನೋಡ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ನಳಿಗೆ ಕೊರೆಯೋನು, ಗುಂಡು ಸಿಡಿಸೋ ಲಾಕ್‌ಗೆ ಅರ ಹಾಕೋನು, ಮರದ ಹಿಡಿ ಕೂರಿಸೋನು, ಚಿತ್ತಾರ ಕೆತ್ತೋನು ಎಲ್ಲ ಬೇರೆ ಬೇರೆ. ಕೋವಿ ಮೇಲೆ ಅವರ ಹೆಸರಿಲ್ಲ, ಅಂಗಡಿಯ ಹೆಸರು ಮಾತ್ರ.

ನಳಿಗೆಯ ತಳದಲ್ಲಿ ‘ನಾಟ್ ಫಾರ್ ಬಾಲ್’ ಅನ್ನೋ ಮುದ್ರೆ ಇತ್ತು. ತುದಿ ಕಿರಿದಾದ ಚೋಕ್ ನಳಿಗೆಗೆ ಒಂಟಿ ಗುಂಡು ಹಾಕಬೇಡಿ ಅಂತ 1875ರಿಂದ 1887ರವರೆಗೆ ಒತ್ತುತ್ತಿದ್ದ ಮುದ್ರೆ ಅದು. ಪತ್ರ, ರಸೀದಿ ಏನೂ ಇಲ್ಲದೆ ವಯಸ್ಸು ಸಿಕ್ಕಿತು, ಅಲ್ವಾ! ಆದರೂ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ಗೆ ಕಳಿಸಿ ಮತ್ತೆ ಪರೀಕ್ಷೆ ಮಾಡಿಸಿದೆ. ಅಲ್ಲಿ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹೊಡೆದು ನೋಡ್ತಾರೆ, ತಡೆಯದಿದ್ದರೆ ಕೋವಿ ಹೋಯ್ತು. ಆ ವಾರ ನನಗೆ ನಿದ್ದೆಯಿಲ್ಲ.

ಬಾತಿಗೆ ಸೀಸದ ಚರೆ ಹೊಡೆಯೋದು ಇಂಗ್ಲೆಂಡಿನಲ್ಲಿ 1999ರಿಂದ ನಿಷೇಧ. ಉಕ್ಕಿನ ಚರೆ ಇಂಥ ನಳಿಗೆಗೆ ತೀರಾ ಗಡಸು. ಉಳಿದದ್ದು ಉಕ್ಕಿಗಿಂತ ಮೆತ್ತನೆಯ ಲೋಹ ಬಿಸ್ಮತ್, ಅದು ದುಬಾರಿ, ಹಾಗಾಗಿ ಸಿಕ್ಕಸಿಕ್ಕಿದ್ದಕ್ಕೆ ಹಾರಿಸೋ ಹಾಗಿಲ್ಲ.

ಜನವರಿಯ ಒಂದು ಬೆಳಗಿನ ಜಾವ ಕೆಸರಿನ ತೋಡಿನಲ್ಲಿ ಕೂತಿದ್ದೆ. ವಿಜನ್ ಬಾತುಗಳು ಸಿಳ್ಳೆ ಹಾಕುತ್ತಾ ಬಂದವು. ಕೋವಿಯ ಕುದುರೆ, ಅಂದರೆ ಬಡಿಯೋ ಕೊಕ್ಕೆ, ಎತ್ತಿ, ಸೊಂಟದಿಂದಲೇ ಮೈ ತಿರುಗಿಸಿ ಹಾರಿಸಿದೆ. ಕರಿಮದ್ದಿನ ಹೊಗೆ ಮುಖದ ಮುಂದೆ ಹಾಗೇ ನಿಂತುಬಿಟ್ಟಿತು, ಹಕ್ಕಿ ಬಿತ್ತೋ ಇಲ್ಲವೋ ಏನೂ ಕಾಣಲಿಲ್ಲ. ಅಷ್ಟರಲ್ಲಿ ಗೆಳೆಯನ ನಾಯಿ ನೀರಿಗೆ ಇಳಿದಾಗಿತ್ತು.