ಜಮೀನಿನ ಮೇಲೆ ಹೈಟೆನ್ಷನ್ ಲೈನ್: ಗೂಟ ನೆಡುವ ಮೊದಲೇ ಏನೇನು ನಡೆದಿರುತ್ತದೆ?

ಹೊಲದ ಬದುವಿನಲ್ಲಿ ಬಣ್ಣ ಬಳಿದ ಗೂಟ ಕಂಡ ದಿನವೇ ಬಹುಪಾಲು ರೈತರಿಗೆ ತಮ್ಮ ತಲೆಯ ಮೇಲೆ ವಿದ್ಯುತ್ ಲೈನ್ ಹಾಯಲಿದೆ ಎಂಬುದು ಗೊತ್ತಾಗುತ್ತದೆ. ತಕರಾರು ಶುರುವಾಗುವುದೂ ಅಂದೇ. ಆದರೆ ಆ ಹೊತ್ತಿಗೆ ಮುಖ್ಯವಾದ ತೀರ್ಮಾನಗಳೆಲ್ಲ ಕಾಗದದ ಮೇಲೆ ಮುಗಿದಿರುತ್ತವೆ. ಒಂದು ಪ್ರಸರಣ ಮಾರ್ಗ ಹುಟ್ಟುವುದು ಹೇಗೆ, ಯಾವ ಹಂತದಲ್ಲಿ ಯಾರ ಸಹಿ ಬೀಳುತ್ತದೆ, ನಮ್ಮ ಮಾತಿಗೆ ಎಲ್ಲಿ ಬೆಲೆ ಇದೆ ಎಂಬುದನ್ನು ಕ್ರಮವಾಗಿ ನೋಡೋಣ.

ಹಂತ 1: ಲೈನ್ ಬೇಕೇ ಎಂಬ ಲೆಕ್ಕ

ಕರ್ನಾಟಕದಲ್ಲಿ ವಿದ್ಯುತ್ ಹುಟ್ಟುವ ಜಾಗ ಬೇರೆ, ಉರಿಯುವ ಜಾಗ ಬೇರೆ. ಶರಾವತಿ, ರಾಯಚೂರು, ಬಳ್ಳಾರಿ, ಈಗ ಪಾವಗಡದ 2050 ಮೆಗಾವಾಟ್ ಸೌರ ಪಾರ್ಕ್. ಇಷ್ಟನ್ನೂ ಹೆಚ್ಚಾಗಿ ಎಳೆದುಕೊಳ್ಳುವುದು ಬೆಂಗಳೂರು. ಇದು ಹೊಸ ಕಥೆಯೇನಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋದಾಗಿನಿಂದಲೂ ನಮ್ಮದು ದೂರ ಸಾಗಿಸುವ ರಾಜ್ಯ. ಸಾಗಿಸುವಾಗ ವೋಲ್ಟೇಜ್ ಎರಡು ಪಟ್ಟಾದರೆ, ಅಷ್ಟೇ ವಿದ್ಯುತ್ತಿಗೆ ತಂತಿಯಲ್ಲಿ ಆಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. 220, 400, 765 ಕೆವಿ (ಕಿಲೋವೋಲ್ಟ್, ಅಂದರೆ ಸಾವಿರ ವೋಲ್ಟ್) ಎಂದು ಮೇಲೇರುತ್ತ ಹೋಗಿರುವುದು ಅದಕ್ಕೇ.

ಮುಂದಿನ ವರ್ಷಗಳ ಬೇಡಿಕೆಯನ್ನು ಅಂದಾಜಿಸಿ, ಕಂಪ್ಯೂಟರಿನಲ್ಲಿ ಇಡೀ ಜಾಲಕ್ಕೆ ಆ ಹೊರೆ ಹೇರಿ ನೋಡುತ್ತಾರೆ. ಒಂದು ಮಾರ್ಗ ಕೆಟ್ಟು ನಿಂತರೂ ಉಳಿದವು ತಾಳಿಕೊಳ್ಳಬೇಕು. ತಾಳದಿದ್ದರೆ ಹೊಸ ಲೈನ್. ರಾಜ್ಯದೊಳಗಿನ ಮಾರ್ಗಗಳಾದರೆ ಈ ಕೆಲಸ ರಾಜ್ಯ ಸರ್ಕಾರದ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನದು, ಖರ್ಚನ್ನು ಪರಿಶೀಲಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಆಯೋಗದ ದರ ಪರಿಷ್ಕರಣೆ ವಿಚಾರಣೆಗೆ ಸಾರ್ವಜನಿಕರೂ ಹೋಗಬಹುದು. ಅಲ್ಲಿ ಯೂನಿಟ್ ದರದ ಬಗ್ಗೆ ಗಂಟಲು ಹರಿದುಕೊಳ್ಳುವವರು ಸಾಕಷ್ಟಿದ್ದಾರೆ. ‘ಈ ಲೈನ್ ನಿಜಕ್ಕೂ ಬೇಕೇ’ ಎಂದು ಕೇಳುವವರು ಅಪರೂಪ.

ರಾಜ್ಯದ ಗಡಿ ದಾಟುವ ಮಾರ್ಗಗಳನ್ನು ಕೇಂದ್ರದ ಸಂಸ್ಥೆಗಳು ಯೋಜಿಸುತ್ತವೆ. ಅವುಗಳಲ್ಲಿ ಹೆಚ್ಚಿನವು ಇಂದು ಟೆಂಡರಿಗೆ ಹೋಗುತ್ತವೆ, ಕಡಿಮೆ ಶುಲ್ಕ ಕೂಗಿದ ಕಂಪನಿ ಕಟ್ಟಿ ನಡೆಸುತ್ತದೆ. ಹೊಲಕ್ಕೆ ಬಂದು ನಿಂತವರು ಸರ್ಕಾರಿ ನೌಕರರಲ್ಲ, ಖಾಸಗಿ ಕಂಪನಿಯವರು ಎಂದು ಜನ ಬೆರಗಾಗುವುದು ಈ ಕಾರಣಕ್ಕೆ.

ಹಂತ 2: ಎರಡು ಅನುಮತಿ, ಎರಡು ಅರ್ಥ

2003ರ ವಿದ್ಯುತ್ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ 11 ಕೆವಿಗಿಂತ ಮೇಲಿನ ಓವರ್‌ಹೆಡ್ ಲೈನ್ ಎಳೆಯಲು ಸರ್ಕಾರದ ಪೂರ್ವಾನುಮತಿ ಬೇಕು. ಇದು ಲೈನ್ ಕಟ್ಟಲು ಸಿಗುವ ಒಪ್ಪಿಗೆ, ಅಷ್ಟೇ. ಹಲ್ಲಿರುವುದು 164ನೇ ಸೆಕ್ಷನ್ನಿಗೆ. ಅದರಡಿ ಆದೇಶ ಸಿಕ್ಕರೆ ಕಂಪನಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳು ಬರುತ್ತವೆ. ತಂತಿ ಸಂದೇಶ ನಿಂತುಹೋಯಿತು, 2023ರ ದೂರಸಂಪರ್ಕ ಕಾಯ್ದೆ ಆ ಹಳೆಯ ಕಾನೂನನ್ನು ರದ್ದುಗೊಳಿಸಿತು. ಆದರೂ ವಿದ್ಯುತ್ ಮಾರ್ಗಗಳ ಮಟ್ಟಿಗೆ ಅದರ ‘ಭಾಗ 3’ ಎಂಬ ಅಧ್ಯಾಯವನ್ನು ಜೀವಂತವಾಗಿ ಉಳಿಸಿಕೊಳ್ಳಲಾಗಿದೆ.

ಈ ಅಧಿಕಾರ ಇದ್ದವರಿಗೆ ಜಮೀನಿನ ಮಾಲೀಕರ ಪೂರ್ವ ಒಪ್ಪಿಗೆ ಬೇಕಿಲ್ಲ. 2016ರ ಡಿಸೆಂಬರಿನಲ್ಲಿ ಕೇಂದ್ರದ ಪ್ರಸರಣ ಕಂಪನಿ ಪವರ್‌ಗ್ರಿಡ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಜಮೀನು ಸ್ವಾಧೀನವಾಗುವುದಿಲ್ಲ, ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತದೆ. ಬಳಸುವ ಹಕ್ಕು ಮಾತ್ರ ಅವರದು. ಪ್ರತಿಯಾಗಿ ಕಾಯ್ದೆ ಅವರ ಮೇಲೆ ಎರಡು ಹೊಣೆ ಹೊರಿಸುತ್ತದೆ: ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು. ‘ನನ್ನ ಸಹಿ ಇಲ್ಲದೆ ಹೇಗೆ ಬಂದಿರಿ’ ಎಂದು ಕೋರ್ಟಿಗೆ ಹೋದವರು ಸೋಲುವುದೂ, ‘ಪರಿಹಾರ ಕಡಿಮೆ’ ಎಂದು ಹೋದವರು ಕೆಲವೊಮ್ಮೆ ಗೆಲ್ಲುವುದೂ ಇದರಿಂದಲೇ.

ಅಂತರರಾಜ್ಯ ಮಾರ್ಗಗಳಿಗೆ ಈ ಅಧಿಕಾರ ಕೇಳುವ ಮೊದಲು ಕಂಪನಿಗಳು ಗೆಜೆಟ್‌ನಲ್ಲೂ ಪತ್ರಿಕೆಗಳಲ್ಲೂ ಪ್ರಕಟಣೆ ಕೊಡುತ್ತವೆ. ಲೈನ್ ಹಾಯುವ ತಾಲ್ಲೂಕು, ಹಳ್ಳಿಗಳ ಹೆಸರು ಸಣ್ಣ ಅಕ್ಷರದಲ್ಲಿ ಸಾಲಾಗಿ ಇರುತ್ತವೆ. ಆಕ್ಷೇಪಣೆಗೆ ಸಾಮಾನ್ಯವಾಗಿ ಎರಡು ತಿಂಗಳ ಅವಕಾಶ. ಇಡೀ ಪ್ರಕ್ರಿಯೆಯಲ್ಲಿ ಮಾರ್ಗದ ಬಗ್ಗೆಯೇ ಬರೆದುಕೊಡಲು ಸಿಗುವ ಒಳ್ಳೆಯ ಗಳಿಗೆ ಇದು. ಟೆಂಡರ್ ಜಾಹೀರಾತುಗಳ ನಡುವೆ ಅಚ್ಚಾಗುವ ಇಂಥ ಪ್ರಕಟಣೆಯನ್ನು ಗ್ರಾಮ ಪಂಚಾಯಿತಿಯ ಫಲಕಕ್ಕೆ ಅಂಟಿಸಬೇಕೆಂದು ಯಾರೂ ಯೋಚಿಸದಿರುವುದು ನನಗಂತೂ ಸೋಜಿಗ.

ಹಂತ 3: ಜಾಡು ಹಿಡಿಯುವುದು

ನಕ್ಷೆ ಮತ್ತು ಉಪಗ್ರಹ ಚಿತ್ರಗಳ ಮೇಲೆ ಸಾಮಾನ್ಯವಾಗಿ ಮೂರು ಪರ್ಯಾಯ ಜಾಡುಗಳನ್ನು ಎಳೆದು ಹೋಲಿಸುತ್ತಾರೆ. ಊರು, ಕಾಡು, ಕೆರೆ, ವಿಮಾನ ನಿಲ್ದಾಣ, ಸೇನೆಯ ಜಾಗ ತಪ್ಪಿಸಬೇಕು. ಆಮೇಲೆ ಸರ್ವೆ ತಂಡ ನಡೆದು ನೋಡುತ್ತದೆ.

‘ಇಲ್ಲಿಂದ ಸ್ವಲ್ಪ ಆಚೆ ಹಾಕಿ ಸ್ವಾಮಿ’ ಎಂಬ ಮಾತಿಗೆ ಎಂಜಿನಿಯರು ಮುಖ ಗಂಟು ಹಾಕಿಕೊಳ್ಳುವುದೇಕೆ? ಎಲ್ಲ ಟವರುಗಳೂ ಒಂದೇ ಅಲ್ಲ. ಲೈನ್ ನೇರವಾಗಿ ಹೋಗುವಲ್ಲಿ ನಿಲ್ಲುವ ‘ಎ’ ಮಾದರಿಯದು ಹಗುರ. ತಂತಿ ಅದರಿಂದ ತೂಗುತ್ತದೆ, ಅಷ್ಟೆ. ಎರಡು ಡಿಗ್ರಿ ಮೀರಿ ತಿರುಗಿದರೆ ‘ಬಿ’, 15 ಮೀರಿದರೆ ‘ಸಿ’, 30 ಮೀರಿದರೆ ‘ಡಿ’. ತಿರುವಿನಲ್ಲಿ ತಂತಿಗಳು ಟವರನ್ನು ಒಂದು ಪಕ್ಕಕ್ಕೆ ಜಗ್ಗುತ್ತವೆ. ಆ ಸೆಳೆತ ತಡೆಯಲು ಉಕ್ಕು ಹೆಚ್ಚು ಬೇಕು, ತಳಪಾಯವೂ ದೊಡ್ಡದಾಗಬೇಕು. ನಿಮ್ಮ ಹೊಲ ತಪ್ಪಿಸಲು ಒಂದು ಕಡೆ ತಿರುಗಿಸಿದರೆ ಮತ್ತೆ ಹಳೆಯ ದಿಕ್ಕಿಗೆ ತರಲು ಇನ್ನೊಂದು ಕಡೆ ತಿರುಗಿಸಬೇಕು. ಆದರೆ ನೇರ ಸಾಲಿನಲ್ಲೇ ಟವರನ್ನು ಹಿಂದೆ ಮುಂದೆ ಸರಿಸುವುದು ಅಷ್ಟು ಕಷ್ಟವಲ್ಲ. 220 ಕೆವಿಯಲ್ಲಿ ಎರಡು ಟವರುಗಳ ನಡುವೆ ಸುಮಾರು 350 ಮೀಟರ್, 400 ಕೆವಿಯಲ್ಲಿ ಸುಮಾರು 400 ಮೀಟರ್ ಅಂತರ ಇರುವುದರಿಂದ ಕೊಳವೆಬಾವಿಯ ಪಕ್ಕ ಬೀಳುವ ಟವರನ್ನು ಬದುವಿಗೆ ತಳ್ಳಲು ಎಷ್ಟೋ ಸಲ ಎಡೆಯಿರುತ್ತದೆ. ಕೇಳುವುದಾದರೆ ಇದನ್ನು ಕೇಳಿ, ತಳಪಾಯದ ಗುಂಡಿ ತೋಡುವ ಮೊದಲೇ ಕೇಳಿ.

ಹಂತ 4: ಕಾಡು, ರೈಲು, ರಸ್ತೆ

ಪ್ರಸರಣ ಮಾರ್ಗಗಳು 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿಲ್ಲ. ಹಾಗಾಗಿ ಗಣಿ, ಕಾರ್ಖಾನೆಗಳಿಗೆ ನಡೆಯುವಂಥ ಪರಿಸರ ಸಾರ್ವಜನಿಕ ಅಹವಾಲು ಸಭೆ ಇವಕ್ಕಿಲ್ಲ. ಅರಣ್ಯದ ಜಾಗ ತಾಗಿದರೆ ಮಾತ್ರ 1980ರ ಅರಣ್ಯ ಕಾಯ್ದೆಯಡಿ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ತಾತ್ವಿಕ ಒಪ್ಪಿಗೆ, ಬದಲಿ ಅರಣ್ಯಕ್ಕೆ ಹಣ ಕಟ್ಟುವುದು, ಬಳಿಕ ಅಂತಿಮ ಒಪ್ಪಿಗೆ. ಅಭಯಾರಣ್ಯವಾದರೆ ವನ್ಯಜೀವಿ ಮಂಡಳಿಯೂ ಸೇರಿಕೊಳ್ಳುತ್ತದೆ.

ಕೆಲಸ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ. ಧಾರವಾಡದ ನರೇಂದ್ರದಿಂದ ಗೋವಾಕ್ಕೆ ಹೋಗಬೇಕಾದ 400 ಕೆವಿ ಮಾರ್ಗವನ್ನೇ ನೋಡಿ. ಗೋವಾದ ಮೊಲೆಮ್ ಕಾಡಿನಲ್ಲಿ ಹೊಸ ಜಾಡು ಕಡಿಯುವ ಬದಲು ಈಗಿರುವ 220 ಕೆವಿ ಅಂಬೇವಾಡಿ–ಪೊಂಡಾ ಲೈನಿನ ಜಾಡನ್ನೇ ಬಳಸಿಕೊಳ್ಳಿ ಎಂದು ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2021ರಲ್ಲಿ ಹೇಳಿತು. ಈ ಮಾತು ನಕ್ಷೆಯ ಹಂತದಲ್ಲೇ ಹೊಳೆಯಬೇಕಿತ್ತು.

ರೈಲ್ವೆ, ಹೆದ್ದಾರಿ, ವಿಮಾನಯಾನ, ದೂರವಾಣಿ ತಂತಿಗಳ ಸಮನ್ವಯ ಸಮಿತಿ ಇವೆಲ್ಲದರ ಒಪ್ಪಿಗೆಯೂ ಬೇಕು. ಕಡತ ನಿಧಾನವಾಗಿ ಸಾಗುತ್ತದೆ, ತಕರಾರು ಕಡಿಮೆ.

ಹಂತ 5: ಪರಿಹಾರ

ಇದನ್ನು ನಿಧಾನವಾಗಿ ಓದಿ. ಕೇಂದ್ರದ 2015ರ ಮಾರ್ಗಸೂಚಿ ಟವರ್ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ 15 ಎಂದಿತ್ತು. 2024ರ ಜೂನ್‌ನಲ್ಲಿ ಅದು ಶೇ 200 ಮತ್ತು ಶೇ 30 ಆಯಿತು. 2025ರಲ್ಲಿ ಪಟ್ಟಣ ಮತ್ತು ನಗರ ಪ್ರದೇಶಗಳಿಗೆ ತಂತಿಯ ಕೆಳಗಿನ ಪಟ್ಟಿಯ ದರ ಇನ್ನೂ ಏರಿತು. ಇವು ಮಾರ್ಗಸೂಚಿಗಳು, ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅದರ ಲೈನುಗಳಿಗೆ ಅನ್ವಯ. ಆದ್ದರಿಂದ ‘ನಮ್ಮ ಲೈನಿಗೆ ಯಾವ ಆದೇಶ’ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಿರಲಿ.

ಒಂದು ಕಾಲ್ಪನಿಕ ಲೆಕ್ಕ. ಎಕರೆಗೆ 20 ಲಕ್ಷ ರೂಪಾಯಿ ಬಾಳುವ ಹೊಲದಲ್ಲಿ 220 ಕೆವಿ ಲೈನ್ 300 ಮೀಟರ್ ಉದ್ದ ಹಾಯುತ್ತದೆ, ಒಂದು ಟವರೂ ನಿಲ್ಲುತ್ತದೆ ಎನ್ನಿ. ಕಾಲುಗಳ ನಡುವೆ 10 ಮೀಟರ್ ಇದ್ದು, ಸುತ್ತ ಒಂದೊಂದು ಮೀಟರ್ ಸೇರಿಸಿದರೆ 144 ಚದರ ಮೀಟರ್, ಅಂದರೆ ಸುಮಾರು 1.4 ಗುಂಟೆ. ಎರಡು ಪಟ್ಟು ಬೆಲೆ ಕೊಟ್ಟರೂ ಸಿಗುವುದು ಸುಮಾರು 1.4 ಲಕ್ಷ. ತಂತಿಯ ಕೆಳಗೆ 35 ಮೀಟರ್ ಅಗಲದ ಪಟ್ಟಿ ಎಂದರೆ ಎರಡು ಎಕರೆ 24 ಗುಂಟೆ. ಶೇ 30ರ ದರದಲ್ಲಿ 15.5 ಲಕ್ಷದ ಹತ್ತಿರ. ಜಗಳವೆಲ್ಲ ಟವರಿನ ಸುತ್ತ ನಡೆಯುತ್ತದೆ, ಹಣವೆಲ್ಲ ತಂತಿಯ ಕೆಳಗಿದೆ! ಟವರ್ ಪಕ್ಕದವರ ಹೊಲಕ್ಕೆ ಬಿತ್ತೆಂದು ನಿಟ್ಟುಸಿರು ಬಿಟ್ಟು ಸುಮ್ಮನಾದವರು ಎಷ್ಟು ಕಳೆದುಕೊಂಡಿರಬಹುದು ಎಂದು ಲೆಕ್ಕ ಹಾಕಿ.

ಬೆಳೆ ಮತ್ತು ಮರಗಳ ಪರಿಹಾರ ಬೇರೆ. ತಳಪಾಯ ತೋಡುವಾಗ, ಟವರ್ ಎಬ್ಬಿಸುವಾಗ, ತಂತಿ ಎಳೆಯುವಾಗ, ಹೀಗೆ ಮೂರು ಸಲ ಹೊಲಕ್ಕೆ ಇಳಿಯುತ್ತಾರೆ. ಪ್ರತಿ ಸಲದ ನಷ್ಟಕ್ಕೂ ಮಹಜರು ಆಗಬೇಕು. ಲೈನಿನ ಕೆಳಗೆ ರಾಗಿ, ತರಕಾರಿ ಬೆಳೆಯಬಹುದು. ತೆಂಗು, ಅಡಿಕೆ ಇಲ್ಲ, ಮನೆಯಂತೂ ಇಲ್ಲವೇ ಇಲ್ಲ. ಉಡುಪಿ–ಕಾಸರಗೋಡು 400 ಕೆವಿ ಮಾರ್ಗಕ್ಕೆ ಕರಾವಳಿಯ ಕೃಷಿಕರು ತಿರುಗಿಬಿದ್ದಿರುವುದರ ಹಿಂದೆ ಈ ಗುಟ್ಟಿದೆ. ರಾಗಿಯ ಹೊಲ ಮರು ವರ್ಷ ಮತ್ತೆ ಹಸಿರಾಗುತ್ತದೆ, ಅಡಿಕೆ ತೋಟ ಕಡಿದರೆ ಆ ಜಾಗದಲ್ಲಿ ಮತ್ತೆ ತೋಟ ಏಳುವುದಿಲ್ಲ.

ಕೆಲಸಕ್ಕೆ ಅಡ್ಡಿಪಡಿಸಿದರೆ ಕಂಪನಿ ಜಿಲ್ಲಾಧಿಕಾರಿಯ ಬಳಿ ಹೋಗಿ ಟೆಲಿಗ್ರಾಫ್ ಕಾಯ್ದೆಯ 16ನೇ ಸೆಕ್ಷನ್ ಅಡಿ ಆದೇಶ ತರಬಹುದು, ಪೊಲೀಸ್ ರಕ್ಷಣೆಯಲ್ಲಿ ಕೆಲಸ ನಡೆಸಬಹುದು. ಪರಿಹಾರದ ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕುವ ಹಕ್ಕನ್ನು ಅದೇ ಸೆಕ್ಷನ್ ನಿಮಗೂ ಕೊಡುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಕಡಿಯುವ ಮೊದಲು ತೆಗೆದ ಫೋಟೊ, ಮಹಜರಿನ ಪ್ರತಿ, ಪಹಣಿಯಲ್ಲಿ ನಮೂದಾದ ಬೆಳೆ. ಮರ ಎಣಿಸಿದ ಪಟ್ಟಿಯ ಪ್ರತಿ ಕೈಗೆ ಬರುವ ತನಕ ಸಹಿ ಹಾಕಬೇಡಿ.

ಹಂತ 6: ವಿದ್ಯುತ್ ಹರಿಸುವುದು

ಎಲ್ಲ ಮುಗಿದ ಮೇಲೆ ರಾಜ್ಯದ ಲೈನುಗಳನ್ನು ವಿದ್ಯುತ್ ಪರಿವೀಕ್ಷಣಾಲಯ ತಪಾಸಣೆ ಮಾಡುತ್ತದೆ. ತಂತಿ ಅತಿ ಹೆಚ್ಚು ಜೋತಾಗಲೂ ನೆಲದಿಂದ 220 ಕೆವಿಗೆ ಸುಮಾರು 7 ಮೀಟರ್, 400 ಕೆವಿಗೆ 8.84 ಮೀಟರ್ ಎತ್ತರದಲ್ಲಿರಬೇಕು. ಬಳಿಕ ಪತ್ರಿಕೆಯಲ್ಲಿ ಮತ್ತೊಂದು ಪ್ರಕಟಣೆ: ಇಂಥ ದಿನದಿಂದ ಮಾರ್ಗ ಚಾಲನೆಗೊಳ್ಳಲಿದೆ, ಟವರ್ ಹತ್ತಬೇಡಿ, ಕಾಲಿಗೆ ದನ ಕಟ್ಟಬೇಡಿ.

ಅಲ್ಲಿಗೆ ಅವರ ಓಡಾಟ ನಿಲ್ಲುವುದಿಲ್ಲ. ಕೊಂಬೆ ಕಡಿಯಲು, ಇನ್ಸುಲೇಟರ್ ಬದಲಿಸಲು ವರ್ಷಗಟ್ಟಲೆ ಬರುತ್ತಲೇ ಇರುತ್ತಾರೆ. ಆಗ ತುಳಿದು ಹಾಳಾದ ಬೆಳೆಗೂ ಕಾನೂನಿನ ಪ್ರಕಾರ ಪರಿಹಾರ ಉಂಟು. ಕೇಳುವವರಿಲ್ಲದೆ ಅದು ಬಾಕಿ ಉಳಿಯುತ್ತದೆ, ಅಷ್ಟೇ.